ಸ್ಟೀರಿಂಗ್ ಯಂತ್ರವನ್ನು ಜೂಜಿನ ಸಾಲಿಗೆ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ನಿವೃತ್ತ ಶಿಕ್ಷಕರೊಬ್ಬರ ಪತ್ರ ಬಂದಿತ್ತು. ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳ ಹಿಂದೆ ಬಿದ್ದು ಮನೆ ಮುಳುಗಿಸಿಕೊಂಡವರ ಬಗ್ಗೆ ಅವರು ಬರೆದಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನನ್ನ ಅಂಗಡಿಯಿಂದ ನಾಲ್ಕು ಮನೆ ಆಚೆ ಒಬ್ಬ ಹುಡುಗ, ಅಪ್ಪ ಅಡಿಕೆ ಮಾರಿ ಬ್ಯಾಂಕಿನಲ್ಲಿಟ್ಟಿದ್ದ ಹಣವನ್ನು ಎರಡೇ ತಿಂಗಳಲ್ಲಿ ಹಾಗೆ ಕಳೆದ. ಆ ಮನೆಯಲ್ಲಿ ಈಗಲೂ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಆದರೆ ಪತ್ರದ ಕೊನೆಯ ಸಾಲಿನಲ್ಲಿ ಮೇಷ್ಟ್ರು, ನಮ್ಮ ಕಡೆ ಮತ್ತೆ ಕಾಣಿಸಿಕೊಳ್ಳುತ್ತಿರುವ ವಿಡಿಯೋ ಗೇಮ್ ಅಂಗಡಿಗಳನ್ನೂ, ಅಲ್ಲಿ ಮಕ್ಕಳು ಕೂತು ಕಾರು ಓಡಿಸುವ, ವಿಮಾನ ಹಾರಿಸುವ ಯಂತ್ರಗಳನ್ನೂ ಇದರ ಜೊತೆಗೇ ಮುಚ್ಚಿಸಬೇಕು ಎಂದಿದ್ದಾರೆ. ಆ ಒಂದು ಸಾಲಿಗೆ ನನ್ನ ತಕರಾರಿದೆ. ಅವರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ಅದನ್ನು ಹೇಳಲು ಅವಕಾಶ ಕೊಡಿ. ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಮೊದಲ ಭಾಗವನ್ನು ಕತ್ತರಿಸಿ, ಕೊನೆಯ ಕೋರಿಕೆಯನ್ನು ಉಳಿಸಿಕೊಡಿ.

ನಾನು ಟಿ.ವಿ. ರಿಪೇರಿ ಮಾಡುವವನು. ಹುಟ್ಟಿದ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 1987ರಲ್ಲಿ ಶಿವಮೊಗ್ಗಕ್ಕೆ ಬಂದು ರೇಡಿಯೋ ಅಂಗಡಿಯೊಂದರಲ್ಲಿ ಬೆಸುಗೆ ಹಾಕುವುದನ್ನು ಕಲಿತೆ. ಕೆಲಸ ಕೈಗೆ ಹತ್ತಿದ ಮೇಲೆ ಸುತ್ತಲಿನ ತಾಲ್ಲೂಕುಗಳಿಗೂ ಚೀಲ ಹಿಡಿದು ಬಸ್ಸಿನಲ್ಲಿ ಹೋಗುತ್ತಿದ್ದೆ. 1992ರ ಸುಮಾರಿಗೆ ಅಂಥ ಒಂದು ತಾಲ್ಲೂಕು ಪಟ್ಟಣದಲ್ಲಿ (ಊರಿನ ಹೆಸರು ಬೇಡ) ಬಸ್ ನಿಲ್ದಾಣದ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ತೆರೆಯಿತು. ಯಂತ್ರ ಕೆಟ್ಟರೆ ಬೆಂಗಳೂರಿನಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಹದಿನೈದು ದಿನ ಆಗುತ್ತಿತ್ತು. ಹಾಗಾಗಿ ಮಾಲೀಕರು ನನಗೆ ಹೇಳಿ ಕಳುಹಿಸಿದರು. ಒಳಗಿರುವುದು ಪಿಕ್ಚರ್ ಟ್ಯೂಬು ತಾನೇ ಎಂಬ ಧೈರ್ಯದ ಮೇಲೆ ನಾನು ಒಪ್ಪಿಕೊಂಡೆ. ಆರು ವರ್ಷ ಆ ಅಂಗಡಿಯ ಯಂತ್ರಗಳನ್ನು ನೋಡಿಕೊಂಡೆ.

ಅಲ್ಲಿದ್ದ ಏಳು ಯಂತ್ರಗಳಲ್ಲಿ ಒಂದಕ್ಕೆ ಮಾತ್ರ ಸ್ಟೀರಿಂಗ್ ಇತ್ತು. ಸೆಗಾ ಕಂಪನಿಯ ಔಟ್ ರನ್. 1986ರಲ್ಲಿ ಜಪಾನಿನಲ್ಲಿ ತಯಾರಾದ ಆಟ. ನಮ್ಮಲ್ಲಿಗೆ ಬರುವ ಹೊತ್ತಿಗೆ ಮೂರು ನಾಲ್ಕು ಕೈ ದಾಟಿತ್ತು. ನಿಂತು ಆಡುವ ಪೆಟ್ಟಿಗೆ. ಕೆಳಗೆ ಆಕ್ಸಿಲರೇಟರ್, ಬ್ರೇಕ್, ಪಕ್ಕದಲ್ಲಿ ಎರಡು ಸ್ಥಾನಗಳ ಗೇರು. ಟೋಕನ್ ಹಾಕಿದರೆ ಮೊದಲು ಮೂರು ಹಾಡುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಆಮೇಲೆ ಕೆಂಪು ಫೆರಾರಿ ಕಾರು ಸಮುದ್ರದ ಬದಿಯ ರಸ್ತೆಯಲ್ಲಿ ಹೊರಡುತ್ತದೆ. ಒಂದು ಹಂತ ಮುಗಿಯುವಲ್ಲಿ ರಸ್ತೆ ಎರಡಾಗಿ ಕವಲೊಡೆಯುತ್ತದೆ. ಯಾವ ಕಡೆ ತಿರುಗಿದರೆ ಆ ಊರು. ಹೀಗೆ ಐದು ಹಂತ ದಾಟಬೇಕು, ಒಟ್ಟು ಹದಿನೈದು ಬಗೆಯ ರಸ್ತೆಗಳು, ತಲುಪುವ ಕೊನೆಗಳು ಐದು. ಇನ್ನೊಂದು ಕಾರನ್ನು ಸೋಲಿಸಬೇಕೆಂದು ಇದರಲ್ಲಿ ಇಲ್ಲವೇ ಇಲ್ಲ. ಇರುವುದು ಗಡಿಯಾರ ಮತ್ತು ರಸ್ತೆ. ಇದನ್ನು ರೂಪಿಸಿದ ಯು ಸುಜುಕಿ ಎಂಬವರು ಯುರೋಪಿನ ರಸ್ತೆಗಳಲ್ಲಿ ಕಾರಿನಲ್ಲಿ ತಿರುಗಾಡಿ ಬಂದು ಈ ಆಟ ಮಾಡಿದರಂತೆ. ಆಡಿದವರಿಗೆ ಅದು ಗೊತ್ತಾಗುತ್ತದೆ. ಊರಿಂದ ಊರಿಗೆ ಹೋಗುವ ಸುಖವನ್ನು ಬಲ್ಲವರು ಮಾಡಿದ ಆಟ ಅದು.

ಆ ಸ್ಟೀರಿಂಗಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನನ್ನ ವಾದ ಇರುವುದೇ ಅದರಲ್ಲಿ.

ಮೊದಲ ಮಳೆಗಾಲದಲ್ಲೇ ದೂರು ಬಂತು: ಗಾಡಿ ಎಡಕ್ಕೆ ಎಳೆಯುತ್ತದೆ. ಮುಂದಿನ ಫಲಕ ಬಿಚ್ಚಿ ನೋಡಿದೆ. ಸ್ಟೀರಿಂಗಿನ ದಂಡಕ್ಕೆ ಒಂದು ಹಲ್ಲಿನ ಚಕ್ರ, ಅದು ತಿರುಗಿಸುವುದು ನಮ್ಮ ರೇಡಿಯೋದ ವಾಲ್ಯೂಮಿನಂಥದೇ ಒಂದು ಪಾಟ್. ಚಕ್ರ ಎಷ್ಟು ತಿರುಗಿದೆ ಎಂಬುದು ಬೋರ್ಡಿಗೆ 0ಯಿಂದ 255ರ ನಡುವಿನ ಒಂದು ಸಂಖ್ಯೆಯಾಗಿ ತಲುಪುತ್ತದೆ. ನೇರ ಹಿಡಿದಾಗ ಅದು 128ರ ಆಸುಪಾಸಿನಲ್ಲಿ ನಿಲ್ಲಬೇಕು. ಪರೀಕ್ಷೆಯ ಸ್ವಿಚ್ ಒತ್ತಿ ಪರದೆ ನೋಡಿದರೆ, ಕೈ ಬಿಟ್ಟರೂ ಅಂಕಿ ನಿಲ್ಲದೆ ಕುಣಿಯುತ್ತಿತ್ತು. ಪಾಟ್ ಬಿಚ್ಚಿ ಕಾರ್ಬನ್ ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಎರಡು ತುದಿಗಳಲ್ಲಿ ಪಟ್ಟಿ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು. ಸವೆದಿದ್ದದ್ದು ನಟ್ಟನಡುವೆ, ಒಂದು ಅಕ್ಕಿ ಕಾಳಿನಷ್ಟು ಜಾಗ.

ಅದನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆ ಯಂತ್ರದ ಮುಂದೆ ನಿಂತ ಸಾವಿರಾರು ಹುಡುಗರು ಚಕ್ರವನ್ನು ಗರಗರ ತಿರುಗಿಸಿ ಹಾಳು ಮಾಡಿದ್ದಾರೆ ಎಂದು ಮಾಲೀಕರೂ ನಾನೂ ಅಂದುಕೊಂಡಿದ್ದೆವು. ಪಟ್ಟಿ ಬೇರೆಯದನ್ನೇ ಹೇಳುತ್ತಿತ್ತು. ಅವರೆಲ್ಲ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಮಾಡಿ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಲು ಪ್ರಯತ್ನಿಸಿದ್ದರು. ದಿನಕ್ಕೆ ನೂರು ಸಲ, ವರ್ಷಗಟ್ಟಲೆ. ಪಟಪಟನೆ ಗುಂಡಿ ಒತ್ತುವ ಯಂತ್ರಗಳಲ್ಲಿ ಸವೆಯುವುದು ಗುಂಡಿಯ ಕೆಳಗಿನ ಸ್ವಿಚ್. ಇಲ್ಲಿ ಸವೆದಿದ್ದು ತಿದ್ದಿಕೊಳ್ಳುವ ಜಾಗ.

ಮಲೆನಾಡಿನ ಮಳೆಗೆ ಈ ಯಂತ್ರಗಳನ್ನು ಕಾಪಾಡುವುದೇ ಒಂದು ಕೆಲಸವಾಗಿತ್ತು. ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಬೂಷ್ಟು, ಟೋಕನ್ ಬೀಳುವ ದಾರಿಯಲ್ಲಿ ತುಕ್ಕು, ಪಿಕ್ಚರ್ ಟ್ಯೂಬಿಗೆ ಹೆಚ್ಚು ವೋಲ್ಟೇಜು ಕೊಡುವ ಇ.ಎಚ್.ಟಿ. ಭಾಗದಿಂದ ಚಿರಚಿರ ಸದ್ದು. ಪೆಟ್ಟಿಗೆಯೊಳಗೆ 40 ವ್ಯಾಟಿನ ಬಲ್ಬ್ ಹಾಕಿ ರಾತ್ರಿಯಿಡೀ ಉರಿಸುತ್ತಿದ್ದೆವು, ಬೆಚ್ಚಗಿರಲಿ ಎಂದು. ಒಂದು ಸಲ ಆ ಶಾಖಕ್ಕೆ ಇಲಿ ಬಂದು ಮರಿ ಹಾಕಿತ್ತು. ವೋಲ್ಟೇಜು ಸಂಜೆ ಏಳರ ನಂತರ ಕುಸಿಯುತ್ತಿತ್ತು. ಸ್ಟೆಬಿಲೈಸರ್ ಟಕ್ ಟಕ್ ಎಂದರೆ ಹುಡುಗರು ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದರು.

ಆಗ ದಿನವೂ ಬರುತ್ತಿದ್ದವರಲ್ಲಿ ಒಬ್ಬರು ಮಿನಿ ಬಸ್ಸಿನ ಚಾಲಕರು. ಆಗುಂಬೆ ಘಾಟಿ ಇಳಿದು ಸೋಮೇಶ್ವರದ ಕಡೆ ಹೋಗುವ ಬಸ್ಸು ಅವರದು. ಆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ. ಟ್ರಿಪ್ಪಿನ ನಡುವೆ ಚಹಾ ಕುಡಿದು ಒಂದೇ ಒಂದು ಟೋಕನ್ ತೆಗೆದುಕೊಳ್ಳುತ್ತಿದ್ದರು. ಪ್ರತಿದಿನ ಮೊದಲ ಹಂತದಲ್ಲೇ ಸೋಲು. ಹುಡುಗರು ನಗುತ್ತಿದ್ದರು. ಇಪ್ಪತ್ತು ವರ್ಷ ಘಾಟಿಯಲ್ಲಿ ಬಸ್ಸು ಓಡಿಸಿದವರು ಸೋಲುವುದೇಕೆ ಎಂದು ನನಗೂ ಕುತೂಹಲ. ಒಂದು ಸಂಜೆ ಪಕ್ಕದಲ್ಲಿ ನಿಂತು ಅವರ ಕಾಲನ್ನೇ ನೋಡಿದೆ. ತಿರುವು ಬರುವ ಮೊದಲೇ ಆಕ್ಸಿಲರೇಟರಿನಿಂದ ಕಾಲು ಮೇಲೇಳುತ್ತಿತ್ತು. ಮುಂದೆ ಲಾರಿ ಸಿಕ್ಕರೆ ಅದರ ಹಿಂದೆಯೇ ತಾಳ್ಮೆಯಿಂದ ಹೋಗುತ್ತಿದ್ದರು. ಗಡಿಯಾರ ಓಡುತ್ತಿತ್ತು.

“ಡ್ರೈವರಣ್ಣ, ಪಕ್ಕದಿಂದ ಮುಂದೆ ಹೋಗಿ, ಎದುರಿನಿಂದ ಯಾವ ಗಾಡಿಯೂ ಬರುವುದಿಲ್ಲ” ಎಂದೆ.

“ಗೊತ್ತು ತಮ್ಮಾ. ತಿರುವಿನಲ್ಲಿ ಮುಂದೆ ಹೋಗಲು ಕೈ ಬರುವುದಿಲ್ಲ” ಎಂದರು.

ಮೇಷ್ಟ್ರು ತಮ್ಮ ಪತ್ರದಲ್ಲಿ, ಕಾರಿನ ಆಟ ಆಡಿದ ಹುಡುಗರು ರಸ್ತೆಯಲ್ಲೂ ಹಾಗೆಯೇ ಗಾಡಿ ಓಡಿಸುತ್ತಾರೆ ಎಂಬ ಭಯವನ್ನು ತೋಡಿಕೊಂಡಿದ್ದಾರೆ. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಈ ಆಟದಲ್ಲಿ ಕಾರು ಬಂಡೆಗೆ ಬಡಿದು ಉರುಳಿದರೆ ಒಳಗಿದ್ದ ಇಬ್ಬರೂ ಹೊರಗೆ ಬಿದ್ದು ಎದ್ದು ಕೂರುತ್ತಾರೆ, ಆಟ ಮುಂದುವರಿಯುತ್ತದೆ. ರಸ್ತೆಯಲ್ಲಿ ಹಾಗಾಗುವುದಿಲ್ಲ ಎಂಬುದನ್ನು ಮಗುವಿಗೆ ಹೇಳಿಕೊಡುವವರು ಬೇಕೇ ಬೇಕು. ಆದರೆ ಯಂತ್ರದ ಮುಂದೆ ನಿಂತಾಗಲೂ ರಸ್ತೆಯನ್ನು ಬಿಟ್ಟುಕೊಡದ ಕೈಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೈಗೆ ಮೊದಲು ಏನು ಕಲಿಸಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ.

ಆ ಚಾಲಕರಿಗೆ ನಾನೊಮ್ಮೆ ಹಳೆಯ ಆಟವೊಂದರ ವಿಷಯ ಹೇಳಿದ್ದೆ. ಅಮೆರಿಕದ ಅಟಾರಿ ಕಂಪನಿ 1974ರಲ್ಲಿ ಗ್ರಾನ್ ಟ್ರ್ಯಾಕ್ 10 ಎಂಬ ಯಂತ್ರಕ್ಕೆ ಸ್ಟೀರಿಂಗ್, ಗೇರು, ಎರಡು ಪೆಡಲು ಕೊಟ್ಟಿತು. ಅದೇ ವರ್ಷ ಜಪಾನಿನ ಟೈಟೋ ಕಂಪನಿಯಿಂದಲೂ ಒಂದು ಕಾರಿನ ಆಟ ಬಂತು. ಅದನ್ನು ಮಾಡಿದ ತೊಮೊಹಿರೊ ನಿಶಿಕಾಡೊ ಅವರೇ ಮುಂದೆ 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಮಾಡಿ ಜಗತ್ತಿಗೆಲ್ಲ ಗೊತ್ತಾದವರು. (ಟಿ.ವಿ. ಪರದೆ ಬರುವುದಕ್ಕೂ ಮೊದಲು, 1960ರ ದಶಕದ ಕೊನೆಗೆ, ಬಣ್ಣ ಬಳಿದ ತಟ್ಟೆಗಳನ್ನು ದೀಪದ ಮುಂದೆ ತಿರುಗಿಸಿ ರಸ್ತೆ ಮೂಡಿಸುತ್ತಿದ್ದ ಯಂತ್ರಗಳಿದ್ದವು. ಮೋಟಾರು, ಬಲ್ಬು, ಕನ್ನಡಿ, ಅಷ್ಟೇ. ಅಂಥದ್ದನ್ನು ಒಮ್ಮೆ ಬಿಚ್ಚಿ ನೋಡುವ ಆಸೆ ನನಗೆ ಇನ್ನೂ ಇದೆ.) ನಾನು ಹೇಳಹೊರಟಿದ್ದು ಅಟಾರಿಯದೇ 1976ರ ನೈಟ್ ಡ್ರೈವರ್ ಎಂಬ ಆಟದ ಬಗ್ಗೆ. ಆಗಿನ ಬೋರ್ಡುಗಳಿಗೆ ರಸ್ತೆಯ ಚಿತ್ರ ಬರೆಯುವಷ್ಟು ಶಕ್ತಿ ಇರಲಿಲ್ಲ. ಆದ್ದರಿಂದ ಪರದೆಯನ್ನೆಲ್ಲ ಕಪ್ಪಾಗಿ ಬಿಟ್ಟು, ರಸ್ತೆಯ ಎರಡು ಅಂಚಿಗೂ ಬಿಳಿಯ ಗೂಟಗಳನ್ನು ಮಾತ್ರ ತೋರಿಸಿದರು. ಗೂಟಗಳು ದೂರದಲ್ಲಿ ಚಿಕ್ಕದಾಗಿ ಹುಟ್ಟಿ, ಹತ್ತಿರ ಬರುತ್ತ ದೊಡ್ಡದಾಗಿ ಪಕ್ಕಕ್ಕೆ ಜಾರುತ್ತವೆ. ಕಾರು ಕೂಡ ಪರದೆಗೆ ಅಂಟಿಸಿದ ಒಂದು ಚಿತ್ರ. ಆದರೂ ಆಡುವವನಿಗೆ ರಾತ್ರಿ, ರಸ್ತೆ, ವೇಗ ಮೂರೂ ಕಾಣುತ್ತವೆ.

ಇದನ್ನು ಕೇಳಿ ಚಾಲಕರು ಚಹಾದ ಲೋಟ ಕೆಳಗಿಟ್ಟರು. ಆಷಾಢದಲ್ಲಿ ಆಗುಂಬೆಯ ಮಂಜಿಳಿದ ಮೇಲೆ ಅವರಿಗೂ ಅಷ್ಟೇ ಕಾಣುವುದಂತೆ. ಸುಣ್ಣ ಬಳಿದ ಅಂಚುಕಲ್ಲು ಒಂದಾದ ಮೇಲೊಂದು ದೀಪಕ್ಕೆ ಸಿಕ್ಕುತ್ತವೆ, ಹಿಂದೆ ಸರಿಯುತ್ತವೆ. ಕಲ್ಲುಗಳ ನಡುವಿನ ಅಂತರ ಕಡಿಮೆಯಾಗುತ್ತ ಬಂದರೆ ತಿರುವು ಬಂತು ಎಂದು ಅರ್ಥ. “ಆ ಆಟ ಮಾಡಿದವನು ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸಿರಬೇಕು” ಎಂದರು. ಎಲ್ಲೋ ದೂರ ದೇಶದಲ್ಲಿ ಕೂತ ಎಂಜಿನಿಯರುಗಳು ಬೋರ್ಡಿನ ಬಡತನದಿಂದ ಕಂಡುಕೊಂಡ ಉಪಾಯ, ನಮ್ಮ ಘಾಟಿಯ ಚಾಲಕನಿಗೆ ಒಂದು ಮಾತಿನಲ್ಲಿ ಅರ್ಥವಾಯಿತು. ಈ ಆಟಗಳಲ್ಲಿ ನನಗೆ ಪ್ರೀತಿ ಹುಟ್ಟಿದ್ದು ಅಂಥ ಜಾಗಗಳಲ್ಲಿ.

ಇನ್ನು ವಿಮಾನದ ಆಟ. ಮೇಲಿನಿಂದ ನೋಡುತ್ತ ಗುಂಡು ಹಾರಿಸುವ, ಪುಟ್ಟ ವಿಮಾನ ಹಿಂದೆ ಮುಂದೆ ಸರಿಯುವ ಆಟಗಳನ್ನು ನಾನು ವಿಮಾನದ ಆಟ ಎಂದು ಕರೆಯುವುದಿಲ್ಲ. ಅಲ್ಲಿ ವಿಮಾನದ ಬದಲು ಜೀರುಂಡೆ ಇಟ್ಟರೂ ನಡೆಯುತ್ತದೆ. ದಿಗಂತ ವಾಲಬೇಕು, ಆಗ ಅದು ಹಾರಾಟ. ಸೆಗಾದವರ 1987ರ ಆಫ್ಟರ್ ಬರ್ನರ್‌ನಲ್ಲಿ ಅದು ಇತ್ತು. ಎಫ್-14 ಯುದ್ಧವಿಮಾನ, ಕೈಯಲ್ಲಿ ಕೋಲು, ಕೋಲು ಎಡಕ್ಕೆ ಬಾಗಿದರೆ ಇಡೀ ಭೂಮಿ ಬಲಕ್ಕೆ ವಾಲುತ್ತದೆ. ಅದರ ದೊಡ್ಡ ಮಾದರಿಯಲ್ಲಿ ಆಡುವವನ ಸೀಟೇ ಪರದೆಯ ಜೊತೆ ಓಲಾಡುತ್ತಿತ್ತು. 1990ರಲ್ಲಿ ಅದೇ ಕಂಪನಿ ಆರ್-360 ಎಂಬ ಯಂತ್ರ ಮಾಡಿತು. ಅದರಲ್ಲಿ ಮನುಷ್ಯನನ್ನು ಬೆಲ್ಟಿನಿಂದ ಬಿಗಿದು ಪೂರ್ತಿ ತಲೆಕೆಳಗೆ ತಿರುಗಿಸುತ್ತಾರೆ. ಅದನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದೇನೆ.

ಆಫ್ಟರ್ ಬರ್ನರ್‌ನ ನಿಂತು ಆಡುವ ಮಾದರಿಯೊಂದು ಸಾಗರದ ಮಾರಿಕಾಂಬಾ ಜಾತ್ರೆಗೆ ಬಂದಿತ್ತು. ಮೂರು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ ಕಾಲ. ತೊಟ್ಟಿಲು ಮತ್ತು ಮರಣಬಾವಿಯ ನಡುವೆ ಟಾರ್ಪಾಲು ಕಟ್ಟಿ ಐದಾರು ಯಂತ್ರ ಇಟ್ಟಿದ್ದರು. ಪವರ್ ಸಪ್ಲೈ ಕೆಟ್ಟು ರಾತ್ರಿ ಹತ್ತು ಗಂಟೆಗೆ ನನ್ನನ್ನು ಕರೆಸಿದರು. ರಿಪೇರಿ ಮುಗಿಸಿ ಪರೀಕ್ಷೆಗೆಂದು ಒಬ್ಬಳು ಹುಡುಗಿಯನ್ನು ನಿಲ್ಲಿಸಿದೆ. ಹತ್ತು ವರ್ಷದವಳಿರಬಹುದು, ಅಜ್ಜಿಯ ಸೆರಗು ಹಿಡಿದು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಮೇಲೆ ಹೋಗಬೇಕಾದಾಗಲೆಲ್ಲ ಅವಳು ಕೋಲನ್ನು ಮುಂದಕ್ಕೆ ನೂಕುತ್ತಿದ್ದಳು, ವಿಮಾನ ಕೆಳಗಿಳಿಯುತ್ತಿತ್ತು. ಎಲ್ಲ ಮಕ್ಕಳೂ ಮಾಡುವ ತಪ್ಪು. “ನಿನ್ನ ಕಡೆಗೆ ಎಳೆದುಕೋ ಪುಟ್ಟಿ” ಎಂದು ನಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲ. ಎಳೆದರೆ ಮೇಲೆ ಹೇಗೆ ಹೋಗುತ್ತದೆ ಎಂದು ತಿರುಗಿ ಕೇಳಿದಳು. ನನಗೆ ಉತ್ತರ ತೋಚುವ ಮೊದಲೇ ಅಜ್ಜಿ ಹೇಳಿದರು: “ಮೂಗುದಾರ ಎಳೆದರೆ ಎತ್ತು ಮೂತಿ ಮೇಲೆತ್ತುವುದಿಲ್ಲವೇ? ಹಾಗೆ ಮಾರಾಯ್ತಿ.” ಹುಡುಗಿ ಎಳೆದಳು. ದಿಗಂತ ಪರದೆಯ ಕೆಳಗೆ ಜಾರಿತು. ಅವಳ ಬಾಯಿ ತೆರೆದೇ ಇತ್ತು.

ಇದು ಬರೀ ಆಟ ಎನ್ನುವವರಿಗೆ ಒಂದು ಸಂಗತಿ ತಿಳಿದಿರಲಿ. ನೆಲದ ಮೇಲೆ ಕೂತು ವಿಮಾನ ಹಾರಿಸಲು ಕಲಿಸುವ ಯಂತ್ರವನ್ನು ಮಾಡಿದವರು ಅಮೆರಿಕದ ಎಡ್ವಿನ್ ಲಿಂಕ್. ಅವರ ತಂದೆಗೆ ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಅಲ್ಲಿನ ತಿದಿ ಮತ್ತು ಗಾಳಿಯ ಪಂಪುಗಳನ್ನೇ ಬಳಸಿ 1929ರ ಹೊತ್ತಿಗೆ, ಕೋಲು ಅಲ್ಲಾಡಿಸಿದರೆ ವಾಲುವ, ಏಳುವ, ತಿರುಗುವ ಪುಟ್ಟ ವಿಮಾನವನ್ನು ಮಾಡಿದರು. ಪೇಟೆಂಟಿನ ಅರ್ಜಿಯಲ್ಲೇ ಅದು ಕಲಿಯುವವರಿಗೂ ಹೌದು, ಮನರಂಜನೆಗೂ ಹೌದು ಎಂದು ಬರೆದಿದ್ದರು. ಮೊದಲು ಕೊಂಡವರಲ್ಲಿ ಹೆಚ್ಚಿನವರು ಜಾತ್ರೆಯಂಥ ಮನರಂಜನಾ ಪಾರ್ಕಿನವರು. ಹವೆ ಕೆಟ್ಟಾಗ ಟಪಾಲು ಸಾಗಿಸಲು ಹೋಗಿ ಹಲವು ಸೇನಾ ಪೈಲಟ್‌ಗಳು ಸತ್ತ ಮೇಲೆ, 1934ರಲ್ಲಿ ಅಮೆರಿಕದ ಸೇನೆ ಅಂಥ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕಲಿತರು. ಜಾತ್ರೆಯ ಟೆಂಟಿನಲ್ಲಿದ್ದ ಯಂತ್ರ ಪಾಠಶಾಲೆಗೆ ಹೋದದ್ದು ಹೀಗೆ. ನಮ್ಮ ದೇಶದಲ್ಲೂ ಈಗ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್ ಇರಬೇಕೆಂದು 2021ರ ಕೇಂದ್ರದ ನಿಯಮವೇ ಹೇಳುತ್ತದೆ. ಅಂಥ ಸಿಮ್ಯುಲೇಟರಿನ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಅಟಾರಿಯ 1989ರ ಹಾರ್ಡ್ ಡ್ರೈವಿನ್. ಅದರಲ್ಲಿ ಕೀಲಿ ತಿರುಗಿಸಿ ಎಂಜಿನ್ ಶುರು ಮಾಡಬೇಕಿತ್ತು, ಬೇಕೆಂದರೆ ಕ್ಲಚ್ ತುಳಿದು ಗೇರು ಹಾಕಬಹುದಿತ್ತು, ಸ್ಟೀರಿಂಗ್ ಕೈಗೆ ಎದುರು ಒತ್ತುತ್ತಿತ್ತು. ನಾಣ್ಯ ಹಾಕಿ ಆಡುವ ಯಂತ್ರ ಅದು.

ಈಗ ನನ್ನ ನೋವಿನ ವಿಷಯಕ್ಕೆ ಬರುತ್ತೇನೆ.

ಆ ಅಂಗಡಿಯ ಮಾಲೀಕರು ಒಳ್ಳೆಯವರು. ಆದರೆ 1997ರ ಹೊತ್ತಿಗೆ ಬಾಡಿಗೆ ಏರಿತು, ಮನೆಗಳಲ್ಲಿ ಕ್ಯಾಸೆಟ್ ಹಾಕುವ ಟಿ.ವಿ. ಗೇಮು ಬಂದು ಗಿರಾಕಿ ಕಡಿಮೆಯಾದರು. ಯಾರದೋ ಮಾತು ಕೇಳಿ ಅವರು ಹಿಂದಿನ ಕೋಣೆಯಲ್ಲಿ ಪರದೆ ಕಟ್ಟಿ ಎರಡು ಇಸ್ಪೀಟು ಯಂತ್ರ ಇಟ್ಟರು. ಗೆದ್ದವರಿಗೆ ಗಲ್ಲಾದಿಂದ ನಗದು. ಅದರಲ್ಲಿ ಒಂದನ್ನು ನಾನೂ ಒಮ್ಮೆ ರಿಪೇರಿ ಮಾಡಿದ್ದೇನೆ. ಅದು ನನ್ನಿಂದಾದ ತಪ್ಪು, ಮುಚ್ಚಿಡುವುದಿಲ್ಲ. ಆದರೆ ಅದನ್ನು ಬಿಚ್ಚಿದ್ದರಿಂದಲೇ ನನಗೆ ಒಂದು ವ್ಯತ್ಯಾಸ ಕಂಡಿತು. ಔಟ್ ರನ್ ಬೋರ್ಡಿನ ಮೇಲೆ ಸಣ್ಣ ಸ್ವಿಚ್ಚುಗಳ ಸಾಲಿದೆ. ಒಂದರಿಂದ ಆಟದ ಸಮಯ ಹೆಚ್ಚು ಕಡಿಮೆ ಮಾಡಬಹುದು, ಇನ್ನೊಂದರಿಂದ ದಾರಿಯಲ್ಲಿ ಸಿಗುವ ವಾಹನಗಳ ಕಷ್ಟವನ್ನು ಬದಲಿಸಬಹುದು. ಇಸ್ಪೀಟು ಯಂತ್ರದಲ್ಲೂ ಅಂಥದೇ ಸ್ವಿಚ್ಚುಗಳು. ಅವು ಬದಲಿಸುತ್ತಿದ್ದದ್ದು ನೂರು ರೂಪಾಯಿ ಒಳಗೆ ಬಿದ್ದರೆ ಎಷ್ಟು ಹೊರಗೆ ಬರಬೇಕು ಎಂಬುದನ್ನು. ಆಡುವವನ ಕೈ ಎಷ್ಟೇ ಪಳಗಿದರೂ ಆ ಲೆಕ್ಕ ಬದಲಾಗುವುದಿಲ್ಲ. ಮಾಲೀಕನ ಬೆರಳು ಬದಲಿಸಿದರೆ ಮಾತ್ರ ಬದಲಾಗುತ್ತದೆ.

ಮುಂದಿನ ವರ್ಷ ಪೊಲೀಸ್ ದಾಳಿ ನಡೆಯಿತು. ನಡೆಯಬೇಕಾದದ್ದೇ. ಆದರೆ ಬಂದವರು ಎರಡು ಯಂತ್ರಗಳನ್ನು ಒಯ್ಯಲಿಲ್ಲ, ಒಂಬತ್ತನ್ನೂ ಒಯ್ದರು. ಸ್ಟೀರಿಂಗ್ ಇರುವ ಯಂತ್ರದಲ್ಲಿ ಹಣ ಹೇಗೆ ಗೆಲ್ಲುತ್ತಾರೆ ಎಂದು ನಾನು ಕೇಳಿದ್ದಕ್ಕೆ, ಎಲ್ಲ ಒಂದೇ ಎಂಬ ಉತ್ತರ ಬಂತು. ಪ್ರಕರಣ ಮುಗಿಯುವ ತನಕ ಅವು ಠಾಣೆಯ ಅಂಗಳದಲ್ಲಿ ಮರದ ಕೆಳಗೆ ಇದ್ದವು. ಎರಡು ಮಳೆಗಾಲ. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಬೇಲಿಯ ಹೊರಗಿನಿಂದ ನೋಡುತ್ತಿದ್ದೆ. ಮೊದಲ ವರ್ಷ ಪ್ಲೈವುಡ್ ಉಬ್ಬಿತು. ಎರಡನೆಯ ವರ್ಷ ಪೆಟ್ಟಿಗೆ ಒಂದು ಕಡೆ ಕುಸಿದು, ಸ್ಟೀರಿಂಗಿಗೆ ಬಳ್ಳಿ ಹಬ್ಬಿತು. ಕೊನೆಗೆ ಬಿಟ್ಟುಕೊಟ್ಟಾಗ ಮಾಲೀಕರು ಅದರತ್ತ ನೋಡಲೂ ಇಲ್ಲ, ನಿನಗೇ ಇರಲಿ ಎಂದರು. ನಾನು ಬೋರ್ಡನ್ನೂ ಸ್ಟೀರಿಂಗನ್ನೂ ಬಿಚ್ಚಿ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಉಳಿದದ್ದು ಗುಜರಿಗೆ ಹೋಯಿತು.

ಕಾನೂನು ಬೇಡ ಎಂದು ನಾನು ಹೇಳುತ್ತಿಲ್ಲ. ವಿಡಿಯೋ ಗೇಮ್ ಅಂಗಡಿಗಳಿಗೆ ಪರವಾನಗಿ ಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1995ರಲ್ಲಿ ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಅದು ಸರಿ. 2025ರಲ್ಲಿ ಸಂಸತ್ತು ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವುದನ್ನು ನಿಷೇಧಿಸಿತು, ಕೌಶಲದ ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ಗುರುತಿಸಿತು. ದೆಹಲಿಯ ಕಾಯ್ದೆಯೇ ಇವೆರಡನ್ನೂ ಬೇರೆ ಮಾಡಿ ನೋಡಿರುವಾಗ, ನಮ್ಮ ಊರುಗಳಲ್ಲಿ ಎಲ್ಲವನ್ನೂ ಒಂದೇ ಲಾರಿಗೆ ತುಂಬುವುದು ನ್ಯಾಯವಲ್ಲ.

ಪರಿಶೀಲನೆಗೆ ಬರುವ ಅಧಿಕಾರಿಗಳಿಗೆ ನನ್ನ ಕೋರಿಕೆ ಇಷ್ಟೇ. ಯಂತ್ರದ ಹೆಸರು ನೋಡಬೇಡಿ, ಪರದೆಯ ಮೇಲಿನ ಬಣ್ಣ ನೋಡಬೇಡಿ. ಟೋಕನ್ ಬೀಳುವ ಬಾಗಿಲನ್ನು ತೆರೆಸಿ. ಹಣವಾಗಲಿ, ಹಣಕ್ಕೆ ಬದಲಾಗುವ ಚೀಟಿಯಾಗಲಿ ಹೊರಗೆ ಬರುವ ದಾರಿ ಇದೆಯೇ ಎಂದು ನೋಡಿ. ಗಲ್ಲಾದಲ್ಲಿ ಗೆದ್ದವರ ಲೆಕ್ಕ ಇದೆಯೇ ಎಂದು ನೋಡಿ. ಇದ್ದರೆ ಒಯ್ಯಿರಿ. ಇಲ್ಲದಿದ್ದರೆ ಆ ಯಂತ್ರಕ್ಕೆ ಬೇರೆ ಕಲಮಿನಲ್ಲಿ, ಕಡಿಮೆ ಶುಲ್ಕದಲ್ಲಿ ಪರವಾನಗಿ ಕೊಡಿ. ಶಾಲೆಯ ಸಮಯದಲ್ಲಿ ಸಮವಸ್ತ್ರದ ಮಕ್ಕಳನ್ನು ಒಳಗೆ ಬಿಡಬಾರದು ಎಂಬ ಷರತ್ತು ಹಾಕಿ. ನಮ್ಮ ಮಾಲೀಕರು ಆ ನಿಯಮವನ್ನು ಯಾರೂ ಹೇಳದೆಯೇ ಪಾಲಿಸುತ್ತಿದ್ದರು. ತಿರುವಿನಲ್ಲಿ ಕಾರು ಉರುಳಿಸಿಕೊಂಡ ಮಗುವಿನ ಪಕ್ಕ ದೊಡ್ಡವರೊಬ್ಬರು ನಿಂತಿರುವುದು ಅಂಗಡಿಯಲ್ಲಿ ಸಾಧ್ಯ. ಕಂಬಳಿ ಹೊದ್ದು ಮೊಬೈಲ್ ನೋಡುವ ಮಗುವಿನ ಪಕ್ಕ ಯಾರೂ ಇರುವುದಿಲ್ಲ. ಮೇಷ್ಟ್ರು ಈ ಮಾತನ್ನು ಒಪ್ಪುತ್ತಾರೆ ಎಂದು ನಂಬಿದ್ದೇನೆ.

ಇನ್ನೊಂದು ಕೋರಿಕೆ ಓದುಗರಿಗೆ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಭಾನುವಾರ ಸಂಜೆ ಎಷ್ಟೋ ಜನ ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ವಿಮಾನ ನೋಡಲು ಹೋಗುತ್ತಾರೆ. ನಾನೂ ಹೋಗಿದ್ದೇನೆ. ಅಲ್ಲಿ ನಿಂತ ಮಕ್ಕಳ ಮುಖದಲ್ಲಿ ಸಾಗರದ ಜಾತ್ರೆಯ ಆ ಹುಡುಗಿಯ ತೆರೆದ ಬಾಯಿಯೇ ಕಾಣುತ್ತದೆ. ಆ ಮಕ್ಕಳ ಕೈಗೆ ಒಂದು ಕೋಲು, ಒಂದು ಚಕ್ರ ಕೊಡುವ ಆಸೆ ನನಗಿದೆ. ಔಟ್ ರನ್ ಬೋರ್ಡಿಗೆ ಜೀವ ಬಂದಿದೆ. ಕೆಟ್ಟ ಐಸಿಗಳನ್ನು ಬದಲಾಯಿಸಲು ನನಗೆ ಮೂರು ವರ್ಷ ಹಿಡಿಯಿತು. ಕೆಲವು ಸೆಗಾ ಬೋರ್ಡುಗಳಲ್ಲಿ ಪ್ರೊಸೆಸರಿನ ಬ್ಯಾಟರಿ ಸತ್ತರೆ ಒಳಗಿನ ಸಂಕೇತ ಅಳಿಸಿಹೋಗಿ ಬೋರ್ಡೂ ಸಾಯುತ್ತದೆ. ಪುಣ್ಯಕ್ಕೆ ಇದರಲ್ಲಿ ಆ ಕಾಟವಿಲ್ಲ. ಸ್ಟೀರಿಂಗಿಗೆ ಹೊಸ ಪಾಟ್ ಹಾಕಿದ್ದೇನೆ, ನೇರ ಹಿಡಿದರೆ ಅಂಕಿ 128ರಲ್ಲಿ ಕಲ್ಲಿನಂತೆ ನಿಲ್ಲುತ್ತದೆ. ಪೆಟ್ಟಿಗೆ ಮಾಡಿಕೊಡಲು ಬಡಗಿಯೊಬ್ಬರು ಒಪ್ಪಿದ್ದಾರೆ. ಯಾವುದಾದರೂ ಸರ್ಕಾರಿ ಶಾಲೆಯೋ ಗ್ರಂಥಾಲಯವೋ ಒಂದು ಮೂಲೆ ಕೊಟ್ಟರೆ ಟೋಕನ್ ಇಲ್ಲದೆ, ಒಂದು ಪೈಸೆ ಪಡೆಯದೆ ಅಲ್ಲಿಟ್ಟು, ನಾನೇ ನೋಡಿಕೊಳ್ಳುತ್ತೇನೆ.

ಬೇಕಾಗಿರುವುದು ಒಂದು ಪಿಕ್ಚರ್ ಟ್ಯೂಬ್. ಹೊಸ ಪರದೆಗಳು ಈ ಬೋರ್ಡಿಗೆ ನೇರವಾಗಿ ಸರಿಹೊಂದುವುದಿಲ್ಲ. ಹಳೆಯ ಟಿ.ವಿ.ಯ ಟ್ಯೂಬೇ ಬೇಕು. ನಿಮ್ಮ ಅಟ್ಟದ ಮೇಲೆ, ಅಡಿಕೆ ಮೂಟೆಗಳ ಹಿಂದೆ, 20 ಇಂಚಿನ ಹಳೆಯ ಕಲರ್ ಟಿ.ವಿ. ಇದ್ದರೆ ದಯವಿಟ್ಟು ಗುಜರಿಯವರಿಗೆ ಕೊಡಬೇಡಿ. ಓಡದಿದ್ದರೂ ಪರವಾಗಿಲ್ಲ, ಟ್ಯೂಬಿನ ಕುತ್ತಿಗೆ ಮುರಿದಿರದಿದ್ದರೆ ಸಾಕು. ಪತ್ರಿಕಾ ಕಚೇರಿಯಲ್ಲಿ ನನ್ನ ವಿಳಾಸ ಕೊಟ್ಟಿದ್ದೇನೆ. ತೀರ್ಥಹಳ್ಳಿಯಾಗಲಿ, ಸೊರಬವಾಗಲಿ, ನಾನೇ ಬಂದು ಒಯ್ಯುತ್ತೇನೆ.

ಇತಿ,
ಒಬ್ಬ ಟಿ.ವಿ. ರಿಪೇರಿ ಕೆಲಸಗಾರ
ಶಿವಮೊಗ್ಗ